ರಾಗಿಯ ತವರು, ಕಮರದ ನೆಂಟರು

ರಾಗಿ ತೆನೆಯನ್ನು ಕಾಣದವರು ಮಂಡ್ಯ ಸೀಮೆಯಲ್ಲಿ ಯಾರೂ ಇಲ್ಲ. ರಾಗಿ ಹೂವನ್ನು ಕಂಡವರು ಮಾತ್ರ ತೀರಾ ಕಡಿಮೆ. ಅದು ಅರಳುವುದು ನಸುಕಿನಲ್ಲಿ, ಊರು ಇನ್ನೂ ಹೊದ್ದು ಮಲಗಿರುವಾಗ. ತೆನೆಯ ಬೆರಳುಗಳ ತುದಿಯಲ್ಲಿ ಮೊದಲು ಹೂ ಬಿರಿಯುತ್ತದೆ, ಆಮೇಲೆ ಅದರ ಕೆಳಗೆ. ಹೀಗೆ ತುದಿಯಿಂದ ಬುಡಕ್ಕೆ ಇಳಿಯುತ್ತ ಒಂದು ತೆನೆ ಹೂ ಮುಗಿಸಲು ಏಳೆಂಟು ದಿನ ಬೇಕು. ಭೂತಗನ್ನಡಿ ಹಿಡಿದು ನೋಡಿದರೆ ಪುಟ್ಟ ಹೊಟ್ಟುಗಳ ನಡುವೆ ಮೂರು ಕೇಸರಗಳು, ಗರಿಯಂಥ ಎರಡು ಶಲಾಕಾಗ್ರಗಳು ಕಾಣುತ್ತವೆ. ದಳವಿಲ್ಲ, ಬಣ್ಣವಿಲ್ಲ, ಜೇನೂ ಇಲ್ಲ. ಹೂ ಬಾಯಿ ತೆರೆಯುವ ಹೊತ್ತಿಗೇ ತನ್ನ ಪರಾಗ ತನ್ನ ಮೇಲೆಯೇ ಉದುರಿ, ಕಾಳು ಕಟ್ಟುವ ಕೆಲಸ ಶುರುವಾಗಿಬಿಟ್ಟಿರುತ್ತದೆ.

ಈ ಸ್ವಭಾವದಿಂದಾಗಿ ರಾಗಿಯಲ್ಲಿ ಎರಡು ತಳಿಗಳನ್ನು ಕೂಡಿಸುವುದು ಬಹಳ ಕಾಲ ದೊಡ್ಡ ತಲೆನೋವಾಗಿತ್ತು. ಭತ್ತಕ್ಕಿಂತಲೂ ಸಣ್ಣ ಹೂವಿನ ಕೇಸರವನ್ನು ಕೈಯಿಂದ ಕಿತ್ತು, ಹೂವಿಗೆ ಪೆಟ್ಟಾಗದಂತೆ ಬೇರೊಂದು ಗಿಡದ ಪರಾಗ ಸೋಕಿಸಬೇಕು. ಅದೂ ಸೂರ್ಯ ಹುಟ್ಟುವುದರೊಳಗೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಕೆಲಸಕ್ಕೆ ಜೀವ ತೇಯ್ದವರು ಸಿ.ಎಚ್. ಲಕ್ಷ್ಮಣಯ್ಯ. ರೈತರು ಅವರನ್ನು ಕರೆದದ್ದೇ 'ರಾಗಿ ಲಕ್ಷ್ಮಣಯ್ಯ' ಎಂದು. ಅವರ ಹೆಸರನ್ನು ಉಳಿಸಿದ ತಳಿಸಾಲು 'ಇಂಡಾಫ್'. ನಮ್ಮ ನಾಡಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕುದುರಿಸಿ ಅವರು ಪಡೆದ ಸಂತತಿ ಅದು. ಆಫ್ರಿಕಾದ ರಾಗಿಗೆ ದಪ್ಪ ಕಡ್ಡಿ, ತುಂಬು ತೆನೆ. ನಮ್ಮ ನಾಡತಳಿಗೆ ಇಲ್ಲಿನ ಮಳೆ ಮಣ್ಣಿಗೆ ಒಗ್ಗಿದ ಗುಣ. 1970ರ ದಶಕದಲ್ಲಿ ಇಂಡಾಫ್ ತಳಿಗಳು ಹೊಲಕ್ಕೆ ಬಂದ ಮೇಲೆ ಹಳೇ ಮೈಸೂರಿನ ರಾಗಿ ಕಣಗಳ ಲೆಕ್ಕವೇ ಬದಲಾಯಿತು. ಈಗಲೂ ರೈತರು ಕೇಳಿ ಪಡೆಯುವ ಜಿಪಿಯು-28, ಎಂಎಲ್-365 ತಳಿಗಳ ವಂಶದಲ್ಲಿ ಇಂಡಾಫ್-5 ಇದೆ. ಬೆಂಕಿ ರೋಗ ತಡೆಯುವ ಆಫ್ರಿಕಾ ಮೂಲದ ರಾಗಿಯೂ ಇದೆ.

ಆಫ್ರಿಕಾಕ್ಕೇ ಯಾಕೆ ಹೋಗಬೇಕಿತ್ತು? ಉತ್ತರ ಸಸ್ಯಗಳ ವಂಶಾವಳಿಯಲ್ಲಿದೆ. ಯಾವ ಗಿಡ ಯಾವ ಗಿಡಕ್ಕೆ ನೆಂಟ, ಎಷ್ಟು ಹತ್ತಿರದ ನೆಂಟ, ಯಾವಾಗ ಬೇರೆಯಾಯಿತು ಎಂಬ ವಿಚಾರಣೆ ಕಾಲೇಜಿನ ಪರೀಕ್ಷೆಗಷ್ಟೇ ಸೇರಿದ ವಿಷಯವೆಂದು ಹಲವರು ತಿಳಿದಿದ್ದಾರೆ. ಮಂಡ್ಯ ಜಿಲ್ಲೆಯ ಮುದ್ದೆ ಆ ವಿಚಾರಣೆಯ ಫಲವನ್ನು ಐವತ್ತು ವರ್ಷಗಳಿಂದ ಉಣ್ಣುತ್ತಿದೆ.

ರಾಗಿಯ ತವರು ಯಾವುದೆಂಬ ಜಗಳ ಸಣ್ಣದಾಗಿರಲಿಲ್ಲ. 19ನೇ ಶತಮಾನದಲ್ಲಿ ಬೆಳೆಗಳ ಮೂಲ ಹುಡುಕಿದ ಆಲ್ಫೋನ್ಸ್ ಡಿ ಕ್ಯಾಂಡೋಲ್ ಅದು ಭಾರತದ್ದೇ ಎಂದರು. ರಷ್ಯಾದ ವಾವಿಲೋವ್ ಇಥಿಯೋಪಿಯಾದ ಕಡೆ ಕೈ ತೋರಿಸಿದರು. ನಮ್ಮ ಹೊಲದ ಬದುಗಳಲ್ಲಿ, ರಸ್ತೆ ಬದಿಯಲ್ಲಿ ಬೆಳೆಯುವ ಕಾಡುರಾಗಿ (ಸಸ್ಯಶಾಸ್ತ್ರದ ಹೆಸರು ಎಲ್ಯುಸಿನೆ ಇಂಡಿಕಾ) ನೋಡಲು ರಾಗಿಯ ಬಡ ತಮ್ಮನಂತೆಯೇ ಇದೆ. ಕೈಬೆರಳಿನಂತೆ ಹರಡಿದ ತೆನೆ, ಸಿಪ್ಪೆ ಸಡಿಲವಾದ ಕಾಳು, ಎಲ್ಲವೂ ಅದರಲ್ಲಿದೆ. ಇದೇ ರಾಗಿಯ ತಾಯಿ ಎಂದು ವಾದಿಸಿದವರೂ ಇದ್ದರು. ಆದರೆ ಲೆಕ್ಕ ಒಂದು ಕಡೆ ತಪ್ಪುತ್ತಿತ್ತು. ಕಾಡುರಾಗಿಯ ಜೀವಕೋಶದಲ್ಲಿ 18 ವರ್ಣತಂತುಗಳು, ರಾಗಿಯಲ್ಲಿ 36. ಆಫ್ರಿಕಾದಲ್ಲಿ ಮಾತ್ರ 36 ವರ್ಣತಂತುಗಳ ಇನ್ನೊಂದು ಕಾಡು ಪ್ರಭೇದ ಸಿಕ್ಕಿತು, ಎಲ್ಯುಸಿನೆ ಆಫ್ರಿಕಾನಾ.

ಈ ಗಂಟನ್ನು ಬಿಡಿಸಿದ ಕೆಲಸದಲ್ಲಿ ಧಾರವಾಡದ ಪಾಲು ದೊಡ್ಡದು, ಅದು ಕನ್ನಡಿಗರಿಗೆ ಗೊತ್ತಿರುವುದು ಕಡಿಮೆ. ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರಾದ ಎಂ.ಎಸ್. ಚೆನ್ನವೀರಯ್ಯ ಮತ್ತು ಎಸ್.ಸಿ. ಹಿರೇಮಠ ರಾಗಿಯನ್ನು ಅದರ ಕಾಡು ಬಂಧುಗಳ ಜೊತೆ ಕೂಡಿಸಿ, ಹುಟ್ಟಿದ ಮಿಶ್ರ ಗಿಡಗಳ ವರ್ಣತಂತುಗಳು ಹೇಗೆ ಜೋಡಿಯಾಗುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಎರಡು ಗಿಡಗಳ ವರ್ಣತಂತುಗಳು ಒಂದನ್ನೊಂದು ಗುರುತಿಸಿ ಜೊತೆಯಾದರೆ ಅವು ಹತ್ತಿರದ ರಕ್ತಸಂಬಂಧಿಗಳು. ಒಂಟಿಯಾಗಿ ಉಳಿದರೆ ದೂರದವು. ರಾಗಿಯ ವರ್ಣತಂತುಗಳು ಆಫ್ರಿಕಾನಾದವುಗಳ ಜೊತೆ ಸಲೀಸಾಗಿ ಜೋಡಿಯಾದವು. 1974ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. 1992ರಲ್ಲಿ ಹಿರೇಮಠರು ಸಹಸಂಶೋಧಕ ಸಾಲಿಮಠರ ಜೊತೆ ಮತ್ತೆ ಈ ವಿಷಯಕ್ಕೆ ಬಂದು, ರಾಗಿಯ ವರ್ಣತಂತುಗಳ ಎರಡು ಪಾಲುಗಳಲ್ಲಿ ಒಂದು ಪಾಲು ಬದುವಿನ ಕಾಡುರಾಗಿಯಿಂದ ಬಂದದ್ದೆಂದು ತೋರಿಸಿದರು. ಅಂದರೆ ಎರಡೂ ಕಡೆಯ ವಾದದಲ್ಲಿ ಹುರುಳಿತ್ತು. ಬಹಳ ಹಿಂದೆ ಆಫ್ರಿಕಾದಲ್ಲಿ ಕಾಡುರಾಗಿ ಇನ್ನೊಂದು ಹುಲ್ಲಿನೊಡನೆ ಕೂಡಿ, ವರ್ಣತಂತು ಇಮ್ಮಡಿಯಾಗಿ, ಆಫ್ರಿಕಾನಾ ಹುಟ್ಟಿತು. ಅದನ್ನು ಅಲ್ಲಿನ ಜನ ಪಳಗಿಸಿ ರಾಗಿ ಮಾಡಿದರು. ಆ 'ಇನ್ನೊಂದು ಹುಲ್ಲು' ಯಾವುದೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅದು ಭೂಮಿಯಿಂದಲೇ ಮರೆಯಾಗಿರಬಹುದು ಎಂಬ ಊಹೆಯೂ ಇದೆ.

2017ರಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ರಾಗಿಯ ಸಂಪೂರ್ಣ ವಂಶವಾಹಿ ಓದನ್ನು ಪ್ರಕಟಿಸಿತು. ಸುಮಾರು 120 ಕೋಟಿ ಡಿಎನ್‌ಎ ಅಕ್ಷರಗಳನ್ನು ಅಲ್ಲಿ ಜೋಡಿಸಲಾಗಿತ್ತು. ಬರ ಬಂದರೂ ಸೊರಗದ ಈ ಬೆಳೆಯ ಗುಟ್ಟು ಹುಡುಕುವವರು ಈಗ ಶುರು ಮಾಡುವುದು ಅಲ್ಲಿಂದ.

ಇಷ್ಟು ಹತ್ತಿರದ ಗಿಡಕ್ಕೆ ಸರಿಯಾದ ಮನೆ ಸಿಗಲೂ ಕಾಲ ಹಿಡಿಯಿತು. ಸ್ವೀಡನ್ನಿನ ಲಿನೇಯಸ್ 1759ರಲ್ಲಿ ರಾಗಿಯನ್ನು ಸೈನೊಸುರಸ್ ಎಂಬ ಬೇರೊಂದು ಹುಲ್ಲಿನ ಕುಲಕ್ಕೆ ಸೇರಿಸಿದ್ದರು. ಜರ್ಮನಿಯ ಗಾರ್ಟ್ನರ್ 1788ರಲ್ಲಿ ಅದನ್ನು ಎಲ್ಯುಸಿನೆ ಕುಲಕ್ಕೆ ತಂದರು. ಹಣ್ಣು, ಬೀಜಗಳ ರಚನೆಯನ್ನೇ ಕಣ್ಣಿಟ್ಟು ನೋಡಿದವರು ಅವರು. ರಾಗಿ ಕಾಳನ್ನು ಅಂಗೈಯಲ್ಲಿ ತಿಕ್ಕಿದರೆ ಮೇಲಿನ ತೆಳು ಪೊರೆ ಕಳಚಿ ಬರುತ್ತದೆ. ಭತ್ತ, ಗೋಧಿ, ಜೋಳದಲ್ಲಿ ಅದು ಬೀಜಕ್ಕೆ ಅಂಟಿಕೊಂಡಿರುತ್ತದೆ. ಈ ಕುಲವನ್ನು ಗುರುತು ಹಿಡಿಯಲು ಈಗಲೂ ನೋಡುವ ಲಕ್ಷಣ ಅದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಬೆಂಗಳೂರಿನಿಂದ ಮದ್ದೂರು, ಮಂಡ್ಯ ಹಾದು ಶ್ರೀರಂಗಪಟ್ಟಣಕ್ಕೆ ಹೋದ ಫ್ರಾನ್ಸಿಸ್ ಬುಕಾನನ್ ವೈದ್ಯರೂ ಹೌದು, ಸಸ್ಯಶಾಸ್ತ್ರಜ್ಞರೂ ಹೌದು. ರಾಗಿ ಬೇಸಾಯದ ಬಗ್ಗೆ ಪುಟಗಟ್ಟಲೆ ಬರೆದ ಅವರು 1807ರಲ್ಲಿ ಅಚ್ಚಾದ ತಮ್ಮ ಪ್ರವಾಸಕಥನದಲ್ಲಿ ಅದಕ್ಕೆ ಲಿನೇಯಸ್‌ನ ಹಳೆಯ ಹೆಸರನ್ನೇ ಇಟ್ಟುಕೊಂಡರು.

ಲಿನೇಯಸ್‌ಗೆ ಇದ್ದ ಅಳತೆಗೋಲು ಎಣಿಕೆ. ಹೂವಿನಲ್ಲಿ ಕೇಸರ ಎಷ್ಟು, ಶಲಾಕೆ ಎಷ್ಟು ಎಂದು ಎಣಿಸಿ ವರ್ಗ ಮಾಡಿದರು. ಗುರುತು ಹಿಡಿಯಲು ಇಷ್ಟು ಸುಲಭದ ವಿಧಾನ ಅದುವರೆಗೆ ಇರಲಿಲ್ಲ. ಆದರೆ ನೆಂಟಸ್ತಿಕೆ ಅದರಲ್ಲಿ ಹಾಳಾಯಿತು. ಮಂಡ್ಯದ ಬೆಳೆಗಳನ್ನೇ ತೆಗೆದುಕೊಳ್ಳಿ. ಕಬ್ಬಿನ ಹೂವಿಗೆ ಮೂರು ಕೇಸರ, ಹುಣಸೆ ಹೂವಿಗೂ ಮೂರು ಕೇಸರ. ಹಾಗಾಗಿ 1753ರ ಅವರ ಗ್ರಂಥದಲ್ಲಿ ಕಬ್ಬು, ಹುಣಸೆ ಎರಡೂ ಒಂದೇ ವರ್ಗದಲ್ಲಿ ಕೂತವು. ಭತ್ತದ ಹೂವಿಗೆ ಆರು ಕೇಸರವಿರುವುದರಿಂದ ಅದು ತನ್ನ ಸ್ವಂತ ಬಂಧುವಾದ ಕಬ್ಬನ್ನು ಬಿಟ್ಟು ಬೇರೆ ವರ್ಗಕ್ಕೆ ಹೋಯಿತು.

ಆಮೇಲೆ ಬಂದವರು ಒಂದೇ ಲಕ್ಷಣಕ್ಕೆ ಜೋತುಬೀಳದೆ ಎಲೆ, ಹೂ, ಕಾಯಿ, ಬೀಜ ಎಲ್ಲವನ್ನೂ ಒಟ್ಟಿಗೆ ನೋಡಿದರು. 1862ರಿಂದ 1883ರವರೆಗೆ ಬೆಂಥಮ್ ಮತ್ತು ಹುಕರ್ ರೂಪಿಸಿದ ಪದ್ಧತಿ ಭಾರತದ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಪಾಠವಾಯಿತು, ಸಸ್ಯಾಗಾರಗಳ ಕಪಾಟುಗಳನ್ನು ಅದೇ ಕ್ರಮದಲ್ಲಿ ಜೋಡಿಸಿದರು. ಅದರಲ್ಲೂ ಎಡವಟ್ಟುಗಳಿದ್ದವು. ಹೂವೇ ಬಿಡದ ಪೈನ್, ಸೈಕಸ್ ಗಿಡಗಳನ್ನು ದ್ವಿದಳ ಮತ್ತು ಏಕದಳ ಸಸ್ಯಗಳ ನಡುವೆ ತೂರಿಸಲಾಗಿತ್ತು. 1998ರಲ್ಲಿ ಡಿಎನ್‌ಎ ಆಧರಿಸಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಒಟ್ಟಾಗಿ ಎಪಿಜಿ ಎಂಬ ಹೊಸ ವರ್ಗೀಕರಣ ಹೊರತಂದರು. 2016ರ ಅದರ ನಾಲ್ಕನೇ ಆವೃತ್ತಿಯಲ್ಲಿ ಹೂಬಿಡುವ ಸಸ್ಯಗಳಿಗೆ 64 ಗಣಗಳು, 416 ಕುಟುಂಬಗಳು.

ಈ ಕಥೆಯಲ್ಲಿ ಕನ್ನಡಿಗರು ಎದೆಯುಬ್ಬಿಸಿ ಹೇಳಬೇಕಾದ ಒಂದು ಹೆಸರಿದೆ, ಬಿ.ಜಿ.ಎಲ್. ಸ್ವಾಮಿ. 'ಹಸುರು ಹೊನ್ನು' ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಸ್ವಾಮಿಯವರನ್ನು ಓದುಗರೆಲ್ಲ ಬಲ್ಲರು. ಅವರು ಹಾರ್ವರ್ಡ್‌ನಲ್ಲಿ ಐ.ಡಬ್ಲ್ಯು. ಬೈಲಿ ಜೊತೆ ಮಾಡಿದ ಕೆಲಸವನ್ನು ಬಲ್ಲವರು ಎಷ್ಟು ಮಂದಿ? ದಕ್ಷಿಣ ಪೆಸಿಫಿಕ್‌ನ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಅಂಬೊರೆಲ್ಲ ಎಂಬ ಪೊದೆಯೊಂದಿದೆ. ಅದರ ಕಾಂಡವನ್ನು ಸೀಳಿ ನೋಡಿದ ಈ ಇಬ್ಬರು, ಸಾಮಾನ್ಯವಾಗಿ ಹೂಗಿಡಗಳಲ್ಲಿ ನೀರು ಸಾಗಿಸುವ ಕೊಳವೆಗಳೇ ಅದರಲ್ಲಿಲ್ಲವೆಂದು 1948ರಲ್ಲಿ ವರದಿ ಮಾಡಿದರು. ಹೂವಿನ ಅಂಡಾಶಯವು ಮಡಚಿದ ಎಲೆಯಂಥ ಅಂಗದಿಂದ ವಿಕಾಸಗೊಂಡಿತೆಂಬ ಅವರ 1951ರ ಪ್ರಬಂಧ ಹೂವಿನ ವಿಕಾಸದ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವಂಥದ್ದು. ಅರ್ಧ ಶತಮಾನ ಕಳೆದು, 1999ರಲ್ಲಿ, ಬೇರೆ ಬೇರೆ ತಂಡಗಳು ಡಿಎನ್‌ಎ ಹೋಲಿಸಿ ನೋಡಿದಾಗ ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆಯಲ್ಲಿ ನಿಂತದ್ದು ಅದೇ ಅಂಬೊರೆಲ್ಲ. ಸ್ವಾಮಿಯವರು 1980ರಲ್ಲೇ ತೀರಿಕೊಂಡಿದ್ದರು. ತಾವು ಕೊಯ್ದು ನೋಡಿದ ಪೊದೆ ಭೂಮಿಯ ಸುಮಾರು 3 ಲಕ್ಷ ಹೂಗಿಡ ಪ್ರಭೇದಗಳ ಹಿರಿಯ ಕವಲಿನದೆಂಬ ಸುದ್ದಿ ಅವರ ಕಿವಿಗೆ ಬೀಳಲಿಲ್ಲ.

ದೂರದ ದ್ವೀಪ ಅಲ್ಲಿರಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬನ್ನಿ. ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಗೂಡು ಕಟ್ಟುವ ಹುಣಸೆ ಮರಗಳ ಊರು ಅದು. ಹುಣಸೆಯೂ ರಾಗಿಯಂತೆ ಆಫ್ರಿಕಾದಿಂದ ಬಂದು ಇಲ್ಲಿಯದೇ ಆಗಿಹೋದ ಗಿಡ. ಲಿನೇಯಸ್ ಅದಕ್ಕೆ ಇಂಡಿಕಾ ಎಂದೇ ಹೆಸರಿಟ್ಟರು. ಪಕ್ಕದ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾಡಿನಲ್ಲಿ, ಕಾವೇರಿಯ ಎರಡೂ ದಡದ ಒಣ ಗುಡ್ಡಗಳ ಮೇಲೆ ಕಮರದ ಮರಗಳಿವೆ. ಕಮರದ ಎಲೆ ಎರಡು ಕಿರುಎಲೆಗಳ ಜೋಡಿ, ಬುಡದಲ್ಲಿ ಕೂಡಿಕೊಂಡು ಮೇಲೆ ಸೀಳಿದಂತೆ. ಹೂವಿಗೆ ದಳವಿಲ್ಲ. ಕಾಯಿ ಚಪ್ಪಟೆ, ತೆಳ್ಳಗೆ, ತುದಿಯಲ್ಲಿ ಒಂದೇ ಬೀಜ. ಒಣಗಿದರೆ ಗಾಳಿಗೆ ತಿರುಗುತ್ತ ಹಾರಿಹೋಗುತ್ತದೆ. ಹುಣಸೆಯಲ್ಲಿ ಕೆಂಪು ಗೆರೆಯ ಚೆಂದದ ಹೂ, ತಿರುಳು ತುಂಬಿದ ದಪ್ಪ ಕಾಯಿ. ನೋಡಿದರೆ ಎತ್ತಣ ಸಂಬಂಧ ಎನ್ನಿಸುತ್ತದೆ. ಆದರೆ 2017ರಲ್ಲಿ ಹುರುಳಿ, ಹೊಂಗೆ, ಜಾಲಿಗಳನ್ನೆಲ್ಲ ಒಳಗೊಂಡ ಈ ದೊಡ್ಡ ಕುಟುಂಬವನ್ನು ಡಿಎನ್‌ಎ ಆಧಾರದಲ್ಲಿ ಆರು ಉಪಕುಟುಂಬಗಳಾಗಿ ಮರುಹಂಚಿದಾಗ, ಹುಣಸೆ ಮತ್ತು ಕಮರ ಒಂದೇ ಉಪಕುಟುಂಬದಲ್ಲಿ ಉಳಿದವು. ಹಳೆಯ ಪಠ್ಯಪುಸ್ತಕದಲ್ಲಿ ಅವುಗಳ ಜೊತೆಗಿದ್ದ ಕಕ್ಕೆ ಜಾಲಿಯ ಗುಂಪಿಗೆ ಹೋಯಿತು, ಮಂದಾರ ಬೇರೆ ಮನೆ ಮಾಡಿತು.

ಅದೇ ಮುತ್ತತ್ತಿಯಲ್ಲಿ ಇನ್ನೊಂದು ಪ್ರಕರಣ. ನದಿಯಂಚಿನಲ್ಲಿ ಬೇರಿಳಿಸಿ ನಿಂತ ಹೊಳೆಮತ್ತಿ, ಮೇಲಿನ ಗುಡ್ಡದಲ್ಲಿ ದಿಂಡಿಗ. ಹೊಳೆಮತ್ತಿಯ ಕಾಯಿ ಹೆಬ್ಬೆರಳಿನಷ್ಟು, ಐದು ರೆಕ್ಕೆಗಳದು. ದಿಂಡಿಗದ ಕಾಯಿ ಅತಿ ಸಣ್ಣದು, ಚೆಂಡಿನಂಥ ಗೊಂಚಲಿನಲ್ಲಿ ಒತ್ತಾಗಿ ಕೂಡಿರುತ್ತದೆ. ದಿಂಡಿಗಕ್ಕೆ ಅನೊಗೈಸಸ್ ಎಂಬ ಸ್ವಂತ ಕುಲವಿತ್ತು. ಡಿಎನ್‌ಎ ನೋಡಿದರೆ ಆ ಕುಲ ಹೊಳೆಮತ್ತಿಯ ಟರ್ಮಿನೇಲಿಯ ಕುಲದ ಒಳಗೇ ಹುಟ್ಟಿದ ಕವಲು. 2017ರಲ್ಲಿ ಅದನ್ನು ಟರ್ಮಿನೇಲಿಯಕ್ಕೆ ಸೇರಿಸಿ ಹೊಸ ಹೆಸರಿಟ್ಟರು. ಅರಣ್ಯ ಇಲಾಖೆಯ ಹಳೆಯ ಕಡತಗಳಲ್ಲಿ, ಆಯುರ್ವೇದದ ಪಟ್ಟಿಗಳಲ್ಲಿ ಹಳೆಯ ಹೆಸರೇ ಇದೆ. ಕರಿಜಾಲಿಯ ಕಥೆಯೂ ಹಾಗೆಯೇ. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದ ತೀರ್ಮಾನದಿಂದ ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯದ ಮರಗಳ ಪಾಲಾಯಿತು, ನಮ್ಮ ಜಾಲಿ ವಾಚೆಲಿಯ ಆಯಿತು.

ಹೆಸರು ಬದಲಾದಾಗಲೆಲ್ಲ ಅಧ್ಯಾಪಕರು ಗೊಣಗುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಬದಲಾವಣೆಗಳು ಸುಮ್ಮನೆ ಆಗುತ್ತಿಲ್ಲ. ಸಂಬಂಧ ಸರಿಯಾಗಿ ಗೊತ್ತಿದ್ದರೆ ಯಾವ ಗಿಡದ ಗುಣವನ್ನು ಯಾವುದಕ್ಕೆ ತರಬಹುದೆಂದು ಮೊದಲೇ ಹೇಳಬಹುದು. ಮಂಡ್ಯದ ಕಬ್ಬಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಸಿಹಿಯ ದಪ್ಪ ಕಬ್ಬು ಒಂದು ಪ್ರಭೇದ. ಹೊಳೆದಂಡೆಯಲ್ಲಿ ಬಿಳಿ ಗರಿ ಬಿಡುವ, ಸಪ್ಪೆ ರಸದ ಕಾಡುಕಬ್ಬು ಅದೇ ಕುಲದ ಇನ್ನೊಂದು ಪ್ರಭೇದ. ಕೊಯಮತ್ತೂರಿನಲ್ಲಿ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಈ ಎರಡನ್ನೂ ಕೂಡಿಸಿ ಪಡೆದ ಕೋ-205 ತಳಿ 1918ರಲ್ಲಿ ಬಂತು. ಗಟ್ಟಿತನ ಕಾಡಿನಿಂದ, ಸಕ್ಕರೆ ನಾಡಿನಿಂದ. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಯ ಸುತ್ತ ಮುಂದೆ ಬೆಳೆದ ಕೋ ತಳಿಗಳ ಹಿಂದೆ ಇದೇ ದಾರಿಯಿದೆ.

ಭತ್ತದ ವಂಶ ಎಷ್ಟು ಹಳೆಯದು ಎಂಬುದಕ್ಕೆ ಸಿಕ್ಕ ಸುಳಿವು ಇನ್ನೂ ಅಚ್ಚರಿಯದು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೋಸಾರ್ ಸಗಣಿಯ ಪಳೆಯುಳಿಕೆಯನ್ನು ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಹುಲ್ಲಿನ ಎಲೆಯೊಳಗೆ ಮಾತ್ರ ಕಟ್ಟುವ ಮರಳಿನ ಸಣ್ಣ ಹರಳುಗಳು ಅದರಲ್ಲಿದ್ದವು. 2005ರಲ್ಲಿ ಇದು ಪ್ರಕಟವಾಗುವ ತನಕ, ಹುಲ್ಲುಗಳು ಡೈನೋಸಾರ್‌ಗಳು ಅಳಿದ ಮೇಲೆ ಬಂದವೆಂದೇ ಬಹುತೇಕ ವಿಜ್ಞಾನಿಗಳು ನಂಬಿದ್ದರು. 2011ರಲ್ಲಿ ಆ ಹರಳುಗಳಲ್ಲಿ ಭತ್ತದ ಬಳಗದವೂ ಇವೆಯೆಂದು ಅದೇ ತಂಡ ಹೇಳಿತು. ಆರೂವರೆ ಕೋಟಿ ವರ್ಷಕ್ಕೂ ಹಿಂದೆ, ದಖ್ಖನ್ನಿನಲ್ಲಿ ಜ್ವಾಲಾಮುಖಿಗಳು ಉಕ್ಕುತ್ತಿದ್ದ ಕಾಲದ ಮಾತಿದು.

ಅಷ್ಟು ಹಿಂದಿನ ವಂಶದ ಇಂದಿನ ಕುಡಿಗಳನ್ನು ಕಾಣಬೇಕಾದರೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಹೋಗಬೇಕು. ರೈತ ಸೈಯದ್ ಗನಿ ಖಾನ್ ಅಲ್ಲಿ ನೂರಾರು ಭತ್ತದ ತಳಿಗಳನ್ನು ವರ್ಷವೂ ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ. ಕಪ್ಪು ಹೊಟ್ಟಿನದು, ಮೀಸೆಯದು, ಎತ್ತರದ್ದು, ಗಿಡ್ಡದ್ದು ಎಂದು ಅಲ್ಲಿನ ಭತ್ತಗಳು ಎಷ್ಟೇ ಬೇರೆ ಕಂಡರೂ ಶಾಸ್ತ್ರದ ಕಣ್ಣಿಗೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಪ್ರಭೇದ. ಅಷ್ಟು ವೈವಿಧ್ಯ ಒಂದೇ ಪ್ರಭೇದದೊಳಗೆ ಹುಟ್ಟಿದ್ದು ರೈತರ ಆಯ್ಕೆಯಿಂದ. ಆದರೆ ಕೆಲವು ರೋಗಗಳಿಗೆ ಉತ್ತರ ಊರ ಭತ್ತದಲ್ಲಿ ಸಿಗುವುದಿಲ್ಲ. ಹುಲ್ಲುಕುಂಠ ಎಂಬ ನಂಜುರೋಗ 1970ರ ದಶಕದಲ್ಲಿ ಏಷ್ಯಾದ ಗದ್ದೆಗಳನ್ನು ಕಾಡಿದಾಗ, ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸಾವಿರಾರು ಮಾದರಿ ಜಾಲಾಡಿತು. ತಡೆಯುವ ಶಕ್ತಿ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಒಯ್ದಿದ್ದ ಒಂದು ಕಾಡುಭತ್ತದಲ್ಲಿ. ಯಾರೋ ಅದನ್ನು ಕಳೆಯೆಂದು ಕಿತ್ತೆಸೆಯದೆ, ಸರಿಯಾದ ಹೆಸರು ಬರೆದು, ಬೀಜ ತೆಗೆದಿಟ್ಟಿದ್ದರು.

ಇಲ್ಲಿಯೇ ನಮ್ಮ ಕೊರತೆ ಕಾಣುವುದು. ಪಕ್ಕದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ಡಾನ ಮತ್ತು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ 1976ರಲ್ಲೇ ದೊಡ್ಡ ಗ್ರಂಥ ಹೊರತಂದರು. ಮೈಸೂರು ಜಿಲ್ಲೆಯ ಸಸ್ಯಗಳ ಬಗ್ಗೆ ರಾಘವೇಂದ್ರ ರಾವ್ ಮತ್ತು ರಝಿ ಅವರ ಗ್ರಂಥ 1981ರಲ್ಲಿ ಬಂತು. ಸಲ್ಡಾನರ 'ಫ್ಲೋರಾ ಆಫ್ ಕರ್ನಾಟಕ' 1984 ಮತ್ತು 1996ರಲ್ಲಿ ಎರಡು ಸಂಪುಟ ಕಂಡಿತು. ಅವರ ತಂಡ ಕೂಡಿಟ್ಟ ಒಣಗಿಡಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಾಗಾರದಲ್ಲಿವೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಹೆಸರು ಇಂಥ ಕೆಲಸಗಳಲ್ಲಿ ಎರಡು ನೆರೆ ಜಿಲ್ಲೆಗಳ ನಡುವೆ ಸಿಕ್ಕಿ ಮಸುಕಾಗಿ ಕೇಳುತ್ತದೆ. ನಾಲೆ ಬಂದು ಗದ್ದೆಯಾದ ಸೀಮೆಯಲ್ಲಿ ಹುಡುಕಲು ಏನಿದೆ ಎಂಬ ಉದಾಸೀನವೂ ಇದಕ್ಕೆ ಕಾರಣ. ಆ ಉದಾಸೀನ ಸರಿಯಲ್ಲ. ಶಿಂಷಾ ದಂಡೆಯ ಕಾಡುಕಬ್ಬು, ಕೆರೆಯಂಚಿನ ಕಾಡುಭತ್ತ, ಬದುವಿನ ಕಾಡುರಾಗಿ ನಮ್ಮ ಮೂರು ಮುಖ್ಯ ಬೆಳೆಗಳ ಸೋದರ ಸಸ್ಯಗಳು. ಕಳೆನಾಶಕ ಹೊಡೆಯುವಾಗ ಮೊದಲು ಹೋಗುವುದು ಅವೇ.

ಈ ಗಿಡಗಳನ್ನು ದಾಖಲಿಸಿಡಲು ಕೋಟಿಗಟ್ಟಲೆ ಹಣ ಬೇಡ. ಹೂ, ಕಾಯಿ ಇರುವ ಒಂದು ಕೊಂಬೆ, ಹಳೆಯ ಪತ್ರಿಕೆಯ ಹಾಳೆಗಳು, ಒತ್ತಲು ಎರಡು ಹಲಗೆ, 28×42 ಸೆಂಟಿಮೀಟರಿನ ದಪ್ಪ ಕಾಗದ. ಜೊತೆಗೆ ಒಂದು ಚೀಟಿ: ಊರು, ತಾಲ್ಲೂಕು, ದಿನಾಂಕ, ಮಣ್ಣು, ಹೂವಿನ ಬಣ್ಣ, ಊರವರು ಕರೆಯುವ ಹೆಸರು, ಸಂಗ್ರಹಿಸಿದವರ ಹೆಸರು. ಒಣಗಿದರೆ ಮಾಸಿಹೋಗುವ ಬಣ್ಣ, ಊರ ಬಾಯಲ್ಲಷ್ಟೇ ಇರುವ ಹೆಸರು ಚೀಟಿಯಲ್ಲಿ ಬರೆಯದಿದ್ದರೆ ಮುಂದೆ ಯಾರಿಗೂ ಸಿಗುವುದಿಲ್ಲ. ಡಿಎನ್‌ಎ ತೆಗೆಯುವವರೂ ಇಂಥ ಹಾಳೆಯಿಂದಲೇ ಒಂದು ಚೂರು ಎಲೆ ಕೇಳಿ ಪಡೆಯುತ್ತಾರೆ. ಮೂರೂ ತಾಲ್ಲೂಕುಗಳ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಅಂಕಕ್ಕಾಗಿ ಗಿಡ ಒಣಗಿಸಿ ತರುತ್ತಾರೆ; ಪರೀಕ್ಷೆ ಮುಗಿದ ಮೇಲೆ ಆ ಹಾಳೆಗಳು ರದ್ದಿಗೆ ಹೋಗಬಾರದು.

ವಿ.ಸಿ. ಫಾರಂನಲ್ಲಿ ಸಮಗ್ರ ಕೃಷಿ ವಿಶ್ವವಿದ್ಯಾಲಯ ಬರುತ್ತದೆಂದು 2024ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಗಿದೆ. ಅಲ್ಲಿ ಪ್ರಯೋಗಾಲಯಗಳು ಬರಲಿ, ಜೊತೆಗೆ ಜಿಲ್ಲೆಯ ಏಳೂ ತಾಲ್ಲೂಕುಗಳ ಗಿಡಗಳಿಗೆ, ಬೆಳೆಗಳ ಕಾಡು ಬಂಧುಗಳಿಗೆ ಒಂದು ಸಸ್ಯಾಗಾರವೂ, ಒಂದು ಬೀಜಭಂಡಾರವೂ ಇರಲಿ. ಲಕ್ಷ್ಮಣಯ್ಯನವರು ದುಡಿದ ನೆಲಕ್ಕೆ ಅಷ್ಟನ್ನು ಕೇಳುವ ಹಕ್ಕು ಮಂಡ್ಯದವರಿಗಿದೆ, ಕೇಳಬೇಕು.